ವಿಂಡೋಸ್ 12 ಬರುತ್ತೆ ಅಂತಾರೆ, ಹೊಸ ಕಂಪ್ಯೂಟರ್ ಈಗಲೇ ತಗೊಳ್ಳಲಾ, ಕಾಯಲಾ?

ಬೆಣ್ಣೆದೋಸೆ:

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿರುವುದು ಒಂದೇ ಕಂಪ್ಯೂಟರ್. ಏಳನೇ ಜನರೇಷನ್ ಐ5, 8 ಜಿಬಿ ರ್‍ಯಾಮ್, ಆಮೇಲೆ ಹಾಕಿಸಿದ ಎಸ್ಎಸ್‌ಡಿ. ವಿಂಡೋಸ್ 10 ಇದೆ. ಕೆಲಸಕ್ಕೆ ಏನೂ ತೊಂದರೆ ಇಲ್ಲ. ನಾನು ಟ್ಯೂಷನ್ ಮಕ್ಕಳ ಪ್ರಶ್ನೆಪತ್ರಿಕೆ, ಫೀಸಿನ ಲೆಕ್ಕ ಇದರಲ್ಲೇ ಮಾಡುತ್ತೇನೆ. ಮಗಳು ಪಿಯುಸಿ ಓದಿಗೆ ಬಳಸುತ್ತಾಳೆ. ಮಾವನವರು ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಏನಾದರೊಂದು ಟೈಪ್ ಮಾಡುತ್ತಲೇ ಇರುತ್ತಾರೆ.

2025ರ ಅಕ್ಟೋಬರ್‌ನಿಂದ ವಿಂಡೋಸ್ 10ಕ್ಕೆ ಸಪೋರ್ಟ್ ಮುಗಿದಿದೆ ಅಂತ ಸ್ಕ್ರೀನಿನಲ್ಲಿ ಬರುತ್ತಿದೆ. 11 ಹಾಕೋಣ ಅಂದರೆ ನಿಮ್ಮ ಪಿಸಿಗೆ ಆಗಲ್ಲ ಅನ್ನುತ್ತೆ. ಸರಿ, ಹೊಸದೇ ತಗೊಳ್ಳೋಣ ಅಂತ ಅಂಗಡಿಗೆ ಹೋದರೆ ಒಬ್ಬರು "ಸ್ವಲ್ಪ ತಡೀರಿ ಮೇಡಂ, ವಿಂಡೋಸ್ 12 ಬರ್ತಾ ಇದೆ, ಅದಕ್ಕೆ ಎಐ ಚಿಪ್ ಇರೋದೇ ಬೇಕು, ಈಗ ತಗೊಂಡ್ರೆ ಮತ್ತೆ ಇದೇ ಗೋಳು" ಅಂದರು. ಪಕ್ಕದ ಅಂಗಡಿಯವರು "ಕಾಯ್ಲೇಬೇಡಿ, ರ್‍ಯಾಮ್ ರೇಟ್ ಏರ್ತಾನೇ ಇದೆ" ಅಂದರು. ತಮ್ಮ ಒಂದು ವಿಡಿಯೋ ಕಳಿಸಿದ್ದಾನೆ, ಅದರಲ್ಲಿ 12ಕ್ಕೆ ಮೊಬೈಲ್ ರೀಚಾರ್ಜಿನ ಹಾಗೆ ತಿಂಗಳು ತಿಂಗಳು ದುಡ್ಡು ಕಟ್ಟಬೇಕಂತೆ. ಇಷ್ಟರಲ್ಲಿ ನಿಜ ಯಾವುದು, ಗಾಳಿಸುದ್ದಿ ಯಾವುದು, ಬಲ್ಲವರು ಯಾರಾದರೂ ಹೇಳ್ತೀರಾ? ಸುಮ್ನೆ ನಲವತ್ತು ಐವತ್ತು ಸಾವಿರ ಹಾಕೋ ಪರಿಸ್ಥಿತಿ ಇಲ್ಲ.

ಕಿಟಕಿಬದಿ:

ಮೇಡಂ, ಮೊದಲ ಮಾತು. ವಿಂಡೋಸ್ 12 ಅನ್ನುವ ಹೆಸರಿನಲ್ಲಿ ಮೈಕ್ರೋಸಾಫ್ಟ್ ಇವತ್ತಿನವರೆಗೂ ಏನನ್ನೂ ಘೋಷಣೆ ಮಾಡಿಲ್ಲ. ತಾರೀಖು ಇಲ್ಲ, ಬೆಲೆ ಇಲ್ಲ, ಯಾವ ಚಿಪ್ ಬೇಕು ಅನ್ನುವ ಪಟ್ಟಿಯೂ ಇಲ್ಲ. ಅಂಗಡಿಯವರು ಹೇಳಿದ್ದು, ವಿಡಿಯೋದವರು ಹೇಳಿದ್ದು ಎಲ್ಲವೂ ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿದ ಕಥೆ.

ಆದರೆ ಈ ಸುದ್ದಿಗಳು ಬುಡವೇ ಇಲ್ಲದೆ ಹುಟ್ಟಿದ್ದೂ ಅಲ್ಲ. ಪ್ರತಿಯೊಂದರ ಹಿಂದೆಯೂ ಒಂದು ಸಣ್ಣ ನಿಜ ಇರುತ್ತದೆ, ಅದಕ್ಕೆ ಜನ ಬಾಲ ಕಟ್ಟುತ್ತಾರೆ. ನಾನು ಈ ಸುದ್ದಿಗಳನ್ನು ಬಹಳ ವರ್ಷದಿಂದ ಹಿಂಬಾಲಿಸುತ್ತಿದ್ದೇನೆ, ಒಂಥರಾ ಚಟ. 2022ರ ಜುಲೈನಲ್ಲಿ ವಿಂಡೋಸ್ ಸೆಂಟ್ರಲ್ ಜಾಲತಾಣದ ಝ್ಯಾಕ್ ಬೋಡೆನ್ ಬರೆದರು, ಮೈಕ್ರೋಸಾಫ್ಟ್ ಮತ್ತೆ ಮೂರು ವರ್ಷಕ್ಕೊಂದು ದೊಡ್ಡ ವಿಂಡೋಸ್ ಕೊಡುವ ಲೆಕ್ಕಕ್ಕೆ ಬರುತ್ತಿದೆ, ಮುಂದಿನದು 2024ಕ್ಕೆ ಅಂತ. ಆ ವರ್ಷ ಅಕ್ಟೋಬರ್‌ನಲ್ಲಿ ಮೈಕ್ರೋಸಾಫ್ಟ್‌ನ ಇಗ್ನೈಟ್ ಕಾರ್ಯಕ್ರಮದಲ್ಲಿ ಒಂದು ವಿಡಿಯೋ ತೋರಿಸಿದರು, ಅದರಲ್ಲಿ ಟಾಸ್ಕ್‌ಬಾರ್ ಅಂಚಿಗೆ ಅಂಟಿಕೊಳ್ಳದೆ ತೇಲಿದ ಹಾಗೆ ಇತ್ತು, ಗಡಿಯಾರ ಮತ್ತು ಹವಾಮಾನ ಮೇಲುಗಡೆ ಇತ್ತು. ನೋಡಿ, ಅದೇ ವಿಂಡೋಸ್ 12ರ ಮುಖ ಅಂತ ಎಲ್ಲೆಡೆ ಹರಡಿತು. ಇವತ್ತಿಗೂ ಯೂಟ್ಯೂಬ್‌ನ ತುಂಬಾ ಥಂಬ್‌ನೇಲ್‌ಗಳಲ್ಲಿ ಕಾಣುವುದು ಅದೇ ತೇಲುವ ಟಾಸ್ಕ್‌ಬಾರ್. 2023ರ ಸೆಪ್ಟೆಂಬರ್‌ನಲ್ಲಿ ಇಂಟೆಲ್ ಕಂಪನಿಯ ಹಣಕಾಸು ಮುಖ್ಯಸ್ಥ ಡೇವಿಡ್ ಝಿನ್ಸ್ನರ್ ಹೂಡಿಕೆದಾರರ ಸಭೆಯಲ್ಲಿ, 2024ರಲ್ಲಿ ವಿಂಡೋಸ್‌ನಿಂದ ನಮ್ಮ ವ್ಯಾಪಾರಕ್ಕೆ ಅನುಕೂಲ ಆಗುತ್ತೆ, ಜನರ ಹತ್ತಿರ ಇರುವ ಪಿಸಿಗಳು ಹಳೆಯವಾಗಿವೆ ಅನ್ನುವ ಅರ್ಥದಲ್ಲಿ ಮಾತಾಡಿದರು. 12 ಅನ್ನುವ ಸಂಖ್ಯೆಯನ್ನು ಅವರು ಬಾಯಿ ಬಿಟ್ಟು ಹೇಳಲೇ ಇಲ್ಲ. ಮಾರನೇ ದಿನ "ಇಂಟೆಲ್ ಖಚಿತಪಡಿಸಿದೆ" ಅಂತ ಹೆಡ್ಡಿಂಗ್!

ಕೊನೆಗೆ ಏನಾಯ್ತು? ಒಳಗೆ ಹಡ್ಸನ್ ವ್ಯಾಲಿ ಅಂತ ಗುಪ್ತ ಹೆಸರಿಟ್ಟು ಮಾಡುತ್ತಿದ್ದದ್ದು 2024ರ ಅಕ್ಟೋಬರ್‌ನಲ್ಲಿ ವಿಂಡೋಸ್ 11ರ 24ಎಚ್2 (2024ರ ಎರಡನೇ ಅರ್ಧದ್ದು ಅಂತ ಅರ್ಥ) ಅಪ್‌ಡೇಟ್ ಆಗಿ ಬಂತು. ಅಂದರೆ ಸುದ್ದಿ ಸುಳ್ಳಲ್ಲ, ದೊಡ್ಡ ಬದಲಾವಣೆ ನಿಜವಾಗಿ ಬಂತು, ಹೆಸರು ಮಾತ್ರ 11 ಅಂತಲೇ ಉಳಿಯಿತು. 2025ರ ಸೆಪ್ಟೆಂಬರ್ ಕೊನೆಗೆ ಬಂದ 25ಎಚ್2 ಅಂತೂ ಇನ್ನೂ ಸಪ್ಪೆ. 24ಎಚ್2 ಇದ್ದವರಿಗೆ ಒಂದು ಪುಟ್ಟ ಪ್ಯಾಕೇಜ್ ಇಳಿದು ಒಂದು ರೀಸ್ಟಾರ್ಟ್ ಆಯ್ತು, ಅಷ್ಟೇ.

ತಿಂಗಳ ಬಾಡಿಗೆ ವಿಷಯ. ಇದೂ 2023ರದ್ದು. ಪರೀಕ್ಷೆಗೆ ಬಿಟ್ಟಿದ್ದ ಒಂದು ಬಿಲ್ಡ್‌ನ (ತಯಾರಿ ಹಂತದ ಆವೃತ್ತಿಯ) ಕಡತದಲ್ಲಿ ಸಬ್‌ಸ್ಕ್ರಿಪ್ಷನ್ ಅನ್ನುವ ಪದ ಯಾರಿಗೋ ಕಂಡಿತು. ಆಮೇಲೆ ಗೊತ್ತಾಗಿದ್ದು, ಅದು ಯಂತ್ರೋಪಕರಣಗಳಲ್ಲಿ ಬಳಸುವ ಐಒಟಿ ಎಂಟರ್‌ಪ್ರೈಸ್ ಆವೃತ್ತಿಗೆ ಸೇರಿದ್ದು. ಮನೆಯ ಕಂಪ್ಯೂಟರಿಗೂ ಅದಕ್ಕೂ ಸಂಬಂಧ ಇಲ್ಲ. ಆದರೆ ಈ ಒಂದು ಸುದ್ದಿ ಸಾಯುವುದೇ ಇಲ್ಲ, ವರ್ಷಕ್ಕೆರಡು ಸಲ ಹೊಸ ವಿಡಿಯೋ ಆಗಿ ಎದ್ದು ಬರುತ್ತದೆ.

ಸುಮ್ನೆಓದುಗ:

ವಿಂಡೋಸ್ 10 ಕೊನೇ ವಿಂಡೋಸ್ ಅಂತ ಮೈಕ್ರೋಸಾಫ್ಟೇ ಹೇಳಿತ್ತಲ್ವಾ? ಅದೂ ಗಾಳಿಸುದ್ದೀನಾ?

ಕಿಟಕಿಬದಿ:

ಅರ್ಧ. 2015ರ ಮೇ ತಿಂಗಳಲ್ಲಿ ಇಗ್ನೈಟ್‌ನಲ್ಲಿ ಜೆರ್ರಿ ನಿಕ್ಸನ್ ಅನ್ನುವ ಮೈಕ್ರೋಸಾಫ್ಟ್ ಉದ್ಯೋಗಿ ಹಾಗೆ ಹೇಳಿದ್ದು ನಿಜ. ಕಂಪನಿ ಅದನ್ನು ಅಧಿಕೃತ ಘೋಷಣೆ ಅಂತ ಹೇಳಲಿಲ್ಲ, ಅಲ್ಲಗಳೆಯಲೂ ಇಲ್ಲ. ಆರು ವರ್ಷ ಎಲ್ಲರೂ ನಂಬಿಕೊಂಡಿದ್ದೆವು. 2021ರ ಜೂನ್‌ನಲ್ಲಿ ಒಂದು ಕಾರ್ಯಕ್ರಮಕ್ಕೆ ಆಹ್ವಾನ ಬಂತು, ಅದರಲ್ಲಿ ಕಿಟಕಿಯ ಬೆಳಕು ನೆಲಕ್ಕೆ ಬಿದ್ದಾಗ ಅಡ್ಡಪಟ್ಟಿಯ ನೆರಳೇ ಇರಲಿಲ್ಲ, ಉದ್ದಕ್ಕೆ ಎರಡು ಬೆಳಕಿನ ಗೆರೆ ಅಷ್ಟೇ. ಕಾರ್ಯಕ್ರಮದ ಸಮಯ ಅಮೆರಿಕದ ಪೂರ್ವ ತೀರದ ಬೆಳಿಗ್ಗೆ 11 ಗಂಟೆ. ಅಷ್ಟು ಸಾಕಾಯ್ತು, 11 ಬರುತ್ತಿದೆ ಅಂತ ಜನ ಲೆಕ್ಕ ಹಾಕಿದರು. ಆ ಸಲ ಲೆಕ್ಕ ಸರಿಯಾಗಿತ್ತು. ಕಾರ್ಯಕ್ರಮಕ್ಕೆ ಒಂದು ವಾರ ಮುಂಚೆಯೇ ಪೂರ್ತಿ ಬಿಲ್ಡ್ ಸೋರಿ ಹೋಯ್ತು, ಜೂನ್ 24ಕ್ಕೆ ಘೋಷಣೆ, ಅಕ್ಟೋಬರ್ 5ಕ್ಕೆ ಬಿಡುಗಡೆ.

ಇದರ ಉಲ್ಟಾ ಉದಾಹರಣೆಯೂ ಇದೆ. ವಿಂಡೋಸ್ 10ಎಕ್ಸ್ ಅಂತ 2019ರಲ್ಲಿ ವೇದಿಕೆ ಮೇಲೆ ನಿಂತು ಅವರೇ ತೋರಿಸಿದ್ದು, ಗಾಳಿಸುದ್ದಿ ಅಲ್ಲವೇ ಅಲ್ಲ. 2021ರ ಮೇನಲ್ಲಿ ಅದು ಬರುವುದಿಲ್ಲ ಅಂತ ಅವರೇ ಹೇಳಿಬಿಟ್ಟರು. ಘೋಷಣೆ ಆದದ್ದೇ ಬರಲಿಲ್ಲ ಅಂದ ಮೇಲೆ ಘೋಷಣೆ ಆಗದೇ ಇರುವುದನ್ನು ನಂಬಿ ಪಿಸಿ ಕೊಳ್ಳುವುದನ್ನು ನಿಲ್ಲಿಸುವುದು ನನಗಂತೂ ಸರಿ ಕಾಣಲ್ಲ.

ಹಳೇಮದರ್‌ಬೋರ್ಡ್:

ಇತಿಹಾಸ ಆಯ್ತು, ಈಗ ಮೇಡಂ ಕೈಯಲ್ಲಿರುವ ಡಬ್ಬದ ಬಗ್ಗೆ ಮಾತಾಡೋಣ. ನಾನು ರಿಪೇರಿ ಕೆಲಸದವನು, ಬೆಂಗಳೂರಿನ ಎಸ್‌ಪಿ ರೋಡಿಗೆ ಸಾಮಾನು ತರಲು ಹೋಗಿ ಬರುವವನು.

ನಿಮ್ಮದು ಏಳನೇ ಜನರೇಷನ್. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ ಎಂಟನೇ ಜನರೇಷನ್‌ನಿಂದ ಮೇಲೆ ಬೇಕು, ಏಳರಲ್ಲಿ ಬೆರಳೆಣಿಕೆಯ ಮಾಡೆಲ್‌ಗಳಿಗೆ ಮಾತ್ರ ವಿನಾಯಿತಿ, ಮನೆ ಡೆಸ್ಕ್‌ಟಾಪಿನ ಐ5 ಅದರಲ್ಲಿ ಇಲ್ಲ. ಎಎಂಡಿ ಆದರೆ ರೈಝೆನ್ 2000 ಸರಣಿಯಿಂದ. ತಮಾಷೆ ಏನಂದ್ರೆ ಎಲ್ಲರೂ ಟಿಪಿಎಂ ಟಿಪಿಎಂ (11 ಕೇಳುವ ಭದ್ರತಾ ಚಿಪ್) ಅಂತಾರೆ, ನಿಮ್ಮ ಬೋರ್ಡಿನ ಬಯಾಸ್‌ಗೆ ಹೋಗಿ ನೋಡಿದರೆ ಇಂಟೆಲ್ ಪಿಟಿಟಿ ಅಂತ ಒಂದು ಆಯ್ಕೆ ಇರುವ ಸಾಧ್ಯತೆ ಜಾಸ್ತಿ, ಅದನ್ನು ಆನ್ ಮಾಡಿದರೆ ಟಿಪಿಎಂ 2.0 ಬರುತ್ತದೆ. ಆದರೂ ಪ್ರೊಸೆಸರ್ ಪಟ್ಟಿಯಲ್ಲಿ ಇಲ್ಲದ ಕಾರಣ ಬೇಡ ಅನ್ನುತ್ತದೆ. ಯಂತ್ರಕ್ಕೆ ಶಕ್ತಿ ಇಲ್ಲ ಅಂತಲ್ಲ, ಗೆರೆ ಎಳೆದಿದ್ದಾರೆ ಅಷ್ಟೇ. ಈ ಗೆರೆಯ ಬಗ್ಗೆ ನನಗೆ ಸಿಟ್ಟಿದೆ, ಕೆಲಸ ಮಾಡುವ ಎಷ್ಟು ಪಿಸಿಗಳು ಇದರಿಂದ ಗುಜರಿಗೆ ಹೋಗುತ್ತಿವೆ ಅಂತ ದಿನಾ ನೋಡುತ್ತಿದ್ದೇನೆ.

ಹೊಸದು ತಗೊಂಡರೂ ಬಿಟ್ಟರೂ ಈಗ ನೀವು ಮಾಡಬೇಕಾದ ಕೆಲಸ ಒಂದಿದೆ. ವಿಂಡೋಸ್ 10ಕ್ಕೆ ಇಎಸ್‌ಯು ಅಂತ ಹೆಚ್ಚುವರಿ ಭದ್ರತಾ ಅಪ್‌ಡೇಟ್ ಇದೆ, ಮನೆ ಬಳಕೆದಾರರಿಗೆ 2026ರ ಅಕ್ಟೋಬರ್ 13ರವರೆಗೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ಪುಟ ತೆರೆಯಿರಿ, ಅಲ್ಲೇ ಎನ್‌ರೋಲ್ ಅಂತ ಒಂದು ಲಿಂಕ್ ಕಾಣುತ್ತದೆ. ಕಾಣದಿದ್ದರೆ ನಿಮ್ಮ ವಿಂಡೋಸ್ 10 ಕೊನೆಯ ಆವೃತ್ತಿ 22ಎಚ್2 ಹೌದಾ ಅಂತ ನೋಡಿ, ಹಳೆಯದಾದರೆ ಮೊದಲು ಅದಕ್ಕೆ ತನ್ನಿ. ಮೂರು ದಾರಿ ಇದೆ. ಪಿಸಿಯ ಸೆಟ್ಟಿಂಗ್ಸ್ ಅನ್ನು ಮೈಕ್ರೋಸಾಫ್ಟ್ ಅಕೌಂಟಿಗೆ ಬ್ಯಾಕಪ್ ಮಾಡಲು ಒಪ್ಪಿದರೆ ಪುಕ್ಕಟೆ. ಮೈಕ್ರೋಸಾಫ್ಟ್ ರಿವಾರ್ಡ್ಸ್‌ನ 1000 ಪಾಯಿಂಟ್ ಕೊಟ್ಟರೂ ಆಗುತ್ತದೆ. ಇಲ್ಲಾಂದ್ರೆ 30 ಡಾಲರ್ ಅಥವಾ ನಮ್ಮ ದುಡ್ಡಿನಲ್ಲಿ ಅಷ್ಟು, ಒಂದೇ ಸಲ. ಯಾವ ದಾರಿ ಹಿಡಿದರೂ ಮೈಕ್ರೋಸಾಫ್ಟ್ ಅಕೌಂಟ್ ಬೇಕೇ ಬೇಕು, ಲೋಕಲ್ ಅಕೌಂಟಿನಲ್ಲಿ ಆಗಲ್ಲ. ಒಂದು ಸಲ ಸೇರಿದರೆ ಅದೇ ಅಕೌಂಟಿನ ಹತ್ತು ಪಿಸಿವರೆಗೂ ನಡೆಯುತ್ತದೆ. ಬ್ಯಾಕಪ್ ಅಂದ ತಕ್ಷಣ ಫೋಟೋ, ಫೈಲ್ ಎಲ್ಲಾ ಒನ್‌ಡ್ರೈವ್‌ಗೆ ಹೋಗಿ 5 ಜಿಬಿ ತುಂಬಿಬಿಡುತ್ತದೆ ಅಂತ ಹೆದರುವವರಿದ್ದಾರೆ. ಫೋಲ್ಡರ್‌ಗಳ ಬ್ಯಾಕಪ್ ಆಫ್ ಮಾಡಿ ಸೆಟ್ಟಿಂಗ್ಸ್ ಮಾತ್ರ ಬಿಟ್ಟರೂ ಸಾಕು.

ಇದರಲ್ಲಿ ಬರುವುದು ಭದ್ರತೆಯ ತೇಪೆ ಮಾತ್ರ. ಹೊಸ ಸೌಲಭ್ಯ ಬರಲ್ಲ. ಬರದಿದ್ದರೆ ಒಳ್ಳೇದೇ ಅನ್ನುವ ಗಿರಾಕಿಗಳೂ ನನ್ನ ಹತ್ತಿರ ಇದ್ದಾರೆ.

ಪೆಂಗ್ವಿನ್‌ಪ್ರಿಯ:

ಇಷ್ಟೆಲ್ಲಾ ತಲೆನೋವು ಯಾಕೆ? ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಮಿಂಟ್ ಹಾಕಿ. ಏಳನೇ ಜನರೇಷನ್ ಐ5, 8 ಜಿಬಿ, ಎಸ್ಎಸ್‌ಡಿ ಅಂದರೆ ಅದಕ್ಕೆ ರಾಜಯೋಗ. ಮಿಂಟ್ 22ಕ್ಕೆ 2029ರವರೆಗೆ ಅಪ್‌ಡೇಟ್ ಇದೆ. 12 ಬರಲಿ 14 ಬರಲಿ ನಿಮಗೇನು?

ಅಕ್ಷರಕೂಟ:

ಪೆಂಗ್ವಿನ್ ಅವರೇ, ಮೇಡಂ ಮನೆಯಲ್ಲಿ ಮಾವನವರು ನುಡಿ ಬಳಸುತ್ತಾರೆ ಅಂದಿದ್ದನ್ನು ಓದಿದಿರಾ? ಎಲ್ಲದಕ್ಕೂ ಲಿನಕ್ಸ್ ಅಂತ ಹೇಳುವ ಮೊದಲು ಅದನ್ನು ಕೇಳಬೇಕಿತ್ತು.

ನಾನು ಡಿಟಿಪಿ ಮಾಡುವವನು, ಇದರ ಬಗ್ಗೆ ಸ್ವಲ್ಪ ಹೇಳುತ್ತೇನೆ. ಹೊಸ ವಿಂಡೋಸ್ ಅಂದಾಗೆಲ್ಲಾ ಕನ್ನಡದವರಿಗೆ ಬರುವ ಭಯ ಚಿಪ್‌ನದ್ದಲ್ಲ, ಫಾಂಟಿನದ್ದು. ನುಡಿ, ಬರಹದಲ್ಲಿ ಹಳೇ ಕಾಲದಲ್ಲಿ ಟೈಪ್ ಮಾಡಿದ ಕಡತಗಳು ಯುನಿಕೋಡ್ ಅಲ್ಲ. ಒಳಗೆ ಇರುವುದು ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಂಕೇತ, ಅದಕ್ಕೆ ನುಡಿ ಫಾಂಟಿನ ಅಂಗಿ ತೊಡಿಸಿದರೆ ಕನ್ನಡವಾಗಿ ಕಾಣುತ್ತದೆ. ಹೊಸ ಪಿಸಿಗೆ ಕಡತ ಕಾಪಿ ಮಾಡಿ ಫಾಂಟ್ ಮರೆತರೆ, ತೆರೆದಾಗ ಪುಟದ ತುಂಬಾ ತಲೆಬುಡ ಇಲ್ಲದ ಇಂಗ್ಲಿಷ್ ಕಾಣುತ್ತದೆ. ಹಿರಿಯರು ಗಾಬರಿಯಾಗುತ್ತಾರೆ, ಫೈಲ್ ಹಾಳಾಯ್ತು ಅಂತ ಅಳಿಸಿದವರೂ ಇದ್ದಾರೆ. ಹಾಳಾಗಿರುವುದಿಲ್ಲ. ಆ ಫಾಂಟ್ ಹಾಕಿದರೆ ಮೊದಲಿನಂತೆ ಆಗುತ್ತದೆ. ಹೊಸದು ತಗೊಳ್ಳುವ ಮುಂಚೆಯೇ ಮಾವನವರ ಹಳೆ ಬರಹಗಳನ್ನು ಕನ್ವರ್ಟರ್ ಹಾಕಿ ಯುನಿಕೋಡ್‌ಗೆ ತಂದುಬಿಡಿ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಕೆಡಬಹುದು, ಒಂದು ಸಲ ಕಣ್ಣಾಡಿಸಬೇಕು. ಮೂಲ ಕಡತ ಮಾತ್ರ ಎಸೆಯಬೇಡಿ.

ಇನ್ನೊಂದು. ಯುನಿಕೋಡ್‌ನಲ್ಲೇ ತುಂಗಾ ಫಾಂಟ್ ಹಾಕಿ ಬರೆದಿದ್ದು ಹೊಸ ಪಿಸಿಯಲ್ಲಿ ಬೇರೆ ಥರ ಕಂಡರೆ ಗಾಬರಿ ಬೇಡ. ಎಕ್ಸ್‌ಪಿ ಕಾಲದಿಂದ ಬಂದ ತುಂಗಾ ಈಗ ತಾನಾಗಿ ಬರುವುದಿಲ್ಲ. ಈಗಿನ ವಿಂಡೋಸ್‌ನಲ್ಲಿ ಕನ್ನಡಕ್ಕೆ ನಿರ್ಮಲಾ ಇದೆ. ಆಪ್ಷನಲ್ ಫೀಚರ್ಸ್‌ಗೆ ಹೋಗಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಹಾಕಿಕೊಂಡರೆ ತುಂಗಾ ಬರುತ್ತದೆ. ಕೀಬೋರ್ಡ್ ಬಗ್ಗೆ ಚಿಂತೆ ಇದ್ದರೆ, 2019ರ ಮೇ ಅಪ್‌ಡೇಟ್‌ನಿಂದ ವಿಂಡೋಸ್ 10ರಲ್ಲೇ ಕನ್ನಡ ಫೊನೆಟಿಕ್ ಕೀಬೋರ್ಡ್ ಇದೆ, 11ರಲ್ಲೂ ಇದೆ. ಆದರೆ ನುಡಿಯ ಕೆ.ಪಿ. ರಾವ್ ವಿನ್ಯಾಸಕ್ಕೆ ಬೆರಳು ಪಳಗಿದವರಿಗೆ ಅದು ಸಮಾಧಾನ ಆಗಲ್ಲ, ಅವರು ನುಡಿಯನ್ನೇ ಹಾಕಿಕೊಳ್ಳುವುದು ಒಳ್ಳೇದು.

ತೀರಾ ಹಳೆ ಸಾಫ್ಟ್‌ವೇರ್ ಬಗ್ಗೆ ಒಂದು ಮಾತು. ವಿಂಡೋಸ್ 11ಕ್ಕೆ 32 ಬಿಟ್ ಆವೃತ್ತಿಯೇ ಇಲ್ಲ, 64 ಬಿಟ್ ಮಾತ್ರ. 32 ಬಿಟ್‌ನ ಪ್ರೋಗ್ರಾಮ್‌ಗಳು ಅದರಲ್ಲಿ ಓಡುತ್ತವೆ. ಅದಕ್ಕೂ ಹಿಂದಿನ 16 ಬಿಟ್ ಕಾಲದವು ಓಡಲ್ಲ. ನಮ್ಮ ಪ್ರೆಸ್ಸುಗಳಲ್ಲಿ ಒಂದು ಹಳೆ ಪಿಸಿಯನ್ನು ಇಂಟರ್ನೆಟ್ ತೆಗೆದು ಮೂಲೆಯಲ್ಲಿ ಇಟ್ಟುಕೊಂಡಿರುತ್ತಾರಲ್ಲ, ಅದಕ್ಕೆ ಕಾರಣ ಇದೇ.

ಪೆಂಗ್ವಿನ್‌ಪ್ರಿಯ:

ಒಪ್ಪಿದೆ ಸಾರ್. ಆದರೂ ಯುನಿಕೋಡ್‌ಗೆ ತಂದ ಮೇಲೆ ಮಿಂಟ್‌ನಲ್ಲಿ ಐಬಸ್ ಅನ್ನುವ ಟೈಪಿಂಗ್ ಸಾಫ್ಟ್‌ವೇರ್ ಹಾಕಿದರೆ ನುಡಿಯ ಥರದ ಕೆಜಿಪಿ ವಿನ್ಯಾಸವೂ ಸಿಗುತ್ತದೆ. ಪೆನ್‌ಡ್ರೈವ್‌ನಿಂದ ಲೈವ್ ಓಡಿಸಿ ನೋಡಬಹುದು, ಡಿಸ್ಕ್ ಮುಟ್ಟಲ್ಲ.

ಮಂಡ್ಯಬೈಟ್:

ನನ್ನ ಫ್ರೆಂಡ್ ಒಬ್ಬ ಟೆಲಿಗ್ರಾಂನಲ್ಲಿ ವಿಂಡೋಸ್ 12 ಲೀಕ್ ಐಎಸ್‌ಒ (ಇನ್‌ಸ್ಟಾಲ್ ಮಾಡೋ ಫೈಲ್) ಸಿಕ್ಕಿದೆ ಅಂತ ಕಳಿಸಿದ್ದಾನೆ, ಆಕ್ಟಿವೇಟರ್ ಸಮೇತ. ಹಳೇ ಪಿಸಿಲೂ ಓಡುತ್ತಂತೆ. ಯಾರಾದ್ರೂ ಹಾಕಿ ನೋಡಿದ್ದೀರಾ ಗುರು?

ಕಿಟಕಿಬದಿ:

ದಯವಿಟ್ಟು ಬೇಡ. ಇದು ಹಳೆಯ ಆಟ. 2021ರಲ್ಲಿ 11ರ ಬಿಲ್ಡ್ ನಿಜವಾಗಿ ಸೋರಿದಾಗಲೇ, ಅದರ ಹೆಸರಿನಲ್ಲಿ ಆಕ್ಟಿವೇಟರ್ ಸೇರಿಸಿದ ಒಂದು ಕಡತ ಓಡಾಡಿತು. ಗಾತ್ರ 1.75 ಜಿಬಿ, ನೋಡಿದರೆ ಅಸಲಿ ಅನ್ನಿಸಬೇಕು. ಒಳಗೆ ಉಪಯೋಗ ಇಲ್ಲದ ಡೇಟಾ ತುಂಬಿ ಗಾತ್ರ ಹೆಚ್ಚಿಸಿದ್ದರು, ಓಡಿಸಿದರೆ ಬೇರೆ ಕುತಂತ್ರಾಂಶಗಳನ್ನು ಇಳಿಸಿಕೊಳ್ಳುತ್ತಿತ್ತು. ಕ್ಯಾಸ್ಪರ್‌ಸ್ಕಿಯವರು ಎಚ್ಚರಿಕೆ ಕೊಟ್ಟಿದ್ದರು. 2022ರಲ್ಲಿ ಮೈಕ್ರೋಸಾಫ್ಟ್ ಪುಟದ ಹಾಗೇ ಕಾಣುವ ನಕಲಿ ಜಾಲತಾಣ ಮಾಡಿ 11ರ ಇನ್‌ಸ್ಟಾಲರ್ ಅಂತ ರೆಡ್‌ಲೈನ್ ಅನ್ನುವ ಪಾಸ್‌ವರ್ಡ್ ಕಳ್ಳನನ್ನು ಹಂಚಿದ್ದನ್ನು ಎಚ್‌ಪಿ ಸಂಶೋಧಕರು ಪತ್ತೆ ಮಾಡಿದರು. ಬ್ರೌಸರಿನಲ್ಲಿ ಉಳಿಸಿದ ಪಾಸ್‌ವರ್ಡು, ಕಾರ್ಡಿನ ವಿವರ ಎಲ್ಲಾ ಅವನ ಪಾಲು. ಆಗ 11 ಅಂತ ಒಂದು ವಸ್ತುವಾದರೂ ಇತ್ತು. ಈಗ ಇಲ್ಲದ 12ಕ್ಕೆ ಐಎಸ್‌ಒ ಎಲ್ಲಿಂದ ಬರಬೇಕು?

ನಿಜವಾಗಿ ಮುಂದಿನದು ನೋಡಬೇಕು ಅನ್ನುವ ಆಸೆ ಇದ್ದರೆ ಇನ್‌ಸೈಡರ್ ಪ್ರೋಗ್ರಾಂ ಇದೆ, ಮೈಕ್ರೋಸಾಫ್ಟ್‌ನದ್ದೇ, ದುಡ್ಡಿಲ್ಲ. ಕೆಲಸದ ಪಿಸಿಯಲ್ಲಿ ಮಾತ್ರ ಹಾಕಬೇಡ.

ಮಂಡ್ಯಬೈಟ್:

ಡಿಲೀಟ್ ಹೊಡೆದೆ.

ಬೆಣ್ಣೆದೋಸೆ:

ಎಲ್ಲರಿಗೂ ಧನ್ಯವಾದ, ಇಷ್ಟು ಉತ್ತರ ಬರುತ್ತೆ ಅಂದುಕೊಂಡಿರಲಿಲ್ಲ. ನುಡಿ ಕಡತದ ವಿಷಯ ಮಾವನವರಿಗೆ ಓದಿ ಹೇಳಿದೆ, ಅವರು ಪೂರ್ತಿ ಕೇಳಿ "ಅದಕ್ಕೇ ನಾನು ಪ್ರಿಂಟ್ ತೆಗೆದು ಇಡೋದು" ಅಂದರು. ಎನ್‌ರೋಲ್ ಲಿಂಕ್ ಸಿಕ್ಕಿತು, ಪುಕ್ಕಟೆ ದಾರಿಯಲ್ಲೇ ಆಯ್ತು.

ಇನ್ನೂ ಎರಡು ಅನುಮಾನ ಇದೆ. ಅಕ್ಟೋಬರ್ ಒಳಗೆ ಹೇಗೂ ಹೊಸದು ಬೇಕು ಅಂದುಕೊಳ್ಳಿ, ಆ ಎಐ ಚಿಪ್ ಇರುವುದೇ ತಗೊಳ್ಳಬೇಕಾ? ಎರಡನೇದು, ರೂಫಸ್ ಅಂತ ಏನೋ ಹಾಕಿದರೆ ಹಳೆ ಪಿಸಿಗೂ 11 ಬರುತ್ತೆ ಅಂತ ತಮ್ಮ ಹೇಳ್ತಾನೆ. ಅದನ್ನು ಮಾಡಬಹುದಾ?

ಹಳೇಮದರ್‌ಬೋರ್ಡ್:

ಎರಡನೇದಕ್ಕೆ ಮೊದಲು. ರೂಫಸ್ ಅಂದರೆ ವಿಂಡೋಸ್ ಹಾಕುವ ಪೆನ್‌ಡ್ರೈವ್ ತಯಾರಿಸುವ ಸಾಫ್ಟ್‌ವೇರ್. ಅದರಿಂದ 11 ಬರುತ್ತೆ. ನಿಮ್ಮ ಪ್ರೊಸೆಸರ್‌ನಲ್ಲಿ 24ಎಚ್2ಗೆ ಕಡ್ಡಾಯವಾದ ಎಸ್‌ಎಸ್‌ಇ 4.2 ಮತ್ತು ಪಾಪ್‌ಕೌಂಟ್ ಸೂಚನೆಗಳು ಇವೆ, ಹಾಗಾಗಿ ಬೂಟ್ ಆಗುತ್ತದೆ. ಅವು ಇಲ್ಲದ ಕೋರ್ 2 ಡ್ಯುಯೋ ಕಾಲದ ಪಿಸಿಗಳು ಬೂಟೇ ಆಗಲ್ಲ, ಯಾವ ಉಪಾಯವೂ ನಡೆಯಲ್ಲ. ಒಂದು ಕಾಲಕ್ಕೆ ಮೈಕ್ರೋಸಾಫ್ಟೇ ರಿಜಿಸ್ಟ್ರಿ ಬದಲಾಯಿಸಿ ಹಾಕುವ ದಾರಿ ತನ್ನ ಪುಟದಲ್ಲಿ ಬರೆದಿತ್ತು, 2025ರ ಶುರುವಿನಲ್ಲಿ ತೆಗೆದುಹಾಕಿತು. ಹೀಗೆ ಹಾಕಿದ ಪಿಸಿಗಳಿಗೆ ಅಪ್‌ಡೇಟ್ ಕೊಡಲೇಬೇಕು ಅನ್ನುವ ಹಕ್ಕಿಲ್ಲ ಅಂತ ಅವರು ಸ್ಪಷ್ಟವಾಗಿ ಹೇಳಿದ್ದಾರೆ. ತಿಂಗಳ ಅಪ್‌ಡೇಟ್‌ಗಳು ಸಾಮಾನ್ಯವಾಗಿ ಬರುತ್ತವೆ, ವರ್ಷದ ದೊಡ್ಡ ಅಪ್‌ಡೇಟ್ ನಾವೇ ಹಾಕಬೇಕಾಗುತ್ತದೆ. ನನ್ನ ಸ್ವಂತ ಬೆಂಚಿನ ಪಿಸಿಗೆ ಹಾಗೆ ಮಾಡುತ್ತೇನೆ. ಪಿಯುಸಿ ಮಗು ಪರೀಕ್ಷೆಗೆ ಓದುವ ಪಿಸಿಗೆ ಮಾಡಲ್ಲ.

ಈಗ ಎಐ ಚಿಪ್. ಅಂಗಡಿಯವರ ಮಾತಿನ ಮೂಲ 2024ರ ಮೇ 20. ಅವತ್ತು ಕೋಪೈಲಟ್ ಪ್ಲಸ್ ಪಿಸಿ ಅಂತ ಒಂದು ವರ್ಗ ಘೋಷಿಸಿದರು. ಅದಕ್ಕೆ 40 ಟಾಪ್ಸ್ (ಸೆಕೆಂಡಿಗೆ 40 ಲಕ್ಷ ಕೋಟಿ ಲೆಕ್ಕ) ವೇಗದ ಎನ್‌ಪಿಯು (ಇದೇ ಆ ಎಐ ಚಿಪ್), 16 ಜಿಬಿ ರ್‍ಯಾಮ್, 256 ಜಿಬಿ ಡಿಸ್ಕ್ ಬೇಕು. ಇದು ಆ ಲೇಬಲ್ಲಿನ ಷರತ್ತು, ವಿಂಡೋಸ್ 11ರದ್ದಲ್ಲ. 11 ಇವತ್ತಿಗೂ ಕಾಗದದ ಮೇಲೆ 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್ ಸಾಕು ಅನ್ನುತ್ತದೆ. (4 ಜಿಬಿಯಲ್ಲಿ ಓಡಿಸಿ ನೋಡಿದವರಿಗೆ ಗೊತ್ತು ಅದರ ಕಷ್ಟ.) ಎನ್‌ಪಿಯು ಇದ್ದರೆ ರೀಕಾಲ್‌ನಂಥ ಕೆಲವು ಸೌಲಭ್ಯ ಜಾಸ್ತಿ ಸಿಗುತ್ತವೆ. ರೀಕಾಲ್ ಅಂದರೆ ನೀವು ಸ್ಕ್ರೀನಿನಲ್ಲಿ ಮಾಡಿದ್ದನ್ನೆಲ್ಲಾ ಆಗಾಗ ಚಿತ್ರ ತೆಗೆದು ಹುಡುಕಲು ಕೊಡುವುದು. ಗೌಪ್ಯತೆ ಗಲಾಟೆ ಎದ್ದು 2024ರ ಜೂನ್‌ನಲ್ಲಿ ಮುಂದೂಡಿ, ಕೊನೆಗೆ 2025ರ ಏಪ್ರಿಲ್‌ನಲ್ಲಿ ಬಿಟ್ಟರು, ಅದೂ ನಾವೇ ಒಪ್ಪಿ ಆನ್ ಮಾಡಿದರೆ ಮಾತ್ರ. ಪ್ರಶ್ನೆಪತ್ರಿಕೆ ಟೈಪ್ ಮಾಡಲು ಇದ್ಯಾವುದೂ ಬೇಡ.

ಮುಂದೆ 12 ಅಂತ ಬಂದು ಅದಕ್ಕೆ ಎನ್‌ಪಿಯು ಕಡ್ಡಾಯ ಆದರೆ? ಆಗ 11 ಮಾರನೇ ದಿನವೇ ಸಾಯಲ್ಲ. 11 ಬಂದಿದ್ದು 2021, 10ಕ್ಕೆ ಅಪ್‌ಡೇಟ್ ನಿಂತದ್ದು 2025. ನಡುವೆ ನಾಲ್ಕು ವರ್ಷ. ಅದರ ಮೇಲೆ ಇಎಸ್‌ಯು ಒಂದು ವರ್ಷ. 25ಎಚ್2 ಹೋಮ್ ಆವೃತ್ತಿಗೆ ಈಗಲೇ 2027ರ ಅಕ್ಟೋಬರ್‌ವರೆಗೆ ಬರೆದಿಟ್ಟ ಬೆಂಬಲ ಇದೆ.

ರ್‍ಯಾಮ್ ಬೆಲೆ ಮಾತ್ರ ಗಾಳಿಸುದ್ದಿ ಅಲ್ಲ. ಎರಡನೇ ಅಂಗಡಿಯವರು ಹೇಳಿದ್ದು ನಿಜ. ಮೆಮೊರಿ ತಯಾರಿಸುವವರು ಮಾಲನ್ನು ಎಐ ಡೇಟಾ ಸೆಂಟರ್‌ಗಳ ಕಡೆ ತಿರುಗಿಸಿದ್ದಾರೆ. ಮೈಕ್ರಾನ್ 2025ರ ಡಿಸೆಂಬರ್‌ನಲ್ಲಿ ಕ್ರೂಶಿಯಲ್ ಬ್ರ್ಯಾಂಡಿನ ಚಿಲ್ಲರೆ ವ್ಯಾಪಾರವನ್ನೇ ನಿಲ್ಲಿಸುತ್ತೇನೆ ಅಂತ ಹೇಳಿತು. ನನ್ನ ಅಭಿಪ್ರಾಯ, 12ಕ್ಕಾಗಿ ಕಾಯಬೇಡಿ, 12ಕ್ಕೆ ಹೆದರಿ ಓಡಿ ಹೋಗಿ ತಗೊಳ್ಳಲೂ ಬೇಡಿ. ಇಎಸ್‌ಯು ಆಗಿದೆ, ಬೇಸಿಗೆ ರಜೆವರೆಗೆ ಬೆಲೆ ನೋಡುತ್ತಿರಿ. ತಗೊಳ್ಳುವಾಗ ಎನ್‌ಪಿಯುಗೆ ಹೆಚ್ಚು ಕೊಡುವ ದುಡ್ಡನ್ನು 16 ಜಿಬಿ ರ್‍ಯಾಮ್‌ಗೆ ಹಾಕಿ, ಅದೂ ಬೋರ್ಡಿಗೆ ಬೆಸುಗೆ ಹಾಕಿದ್ದಲ್ಲ, ಸ್ಲಾಟ್‌ನಲ್ಲಿ ಕೂರುವಂಥದ್ದು.

ಅಕ್ಷರಕೂಟ:

ಇದಕ್ಕೆ ಒಂದು ಸೇರಿಸಿ. ಹೊಸ ಪಿಸಿಯಲ್ಲಿ ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಶುರು ಮಾಡಿದರೆ ಡಿಸ್ಕ್ ತಾನಾಗಿ ಎನ್‌ಕ್ರಿಪ್ಟ್ ಆಗುತ್ತದೆ, 24ಎಚ್2ನಿಂದ ಇದು ಇನ್ನೂ ಸಾಮಾನ್ಯ. ಬಯಾಸ್ ಬದಲಾದರೆ, ಬೋರ್ಡ್ ರಿಪೇರಿ ಆದರೆ ನೀಲಿ ಸ್ಕ್ರೀನ್ ಬಂದು 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಯಾರ ಅಕೌಂಟಿನಲ್ಲಿ ಶುರು ಮಾಡಿದಿರೋ ಅವರ ಅಕೌಂಟಿನಲ್ಲಿ ಇರುತ್ತದೆ. ಅಂಗಡಿ ಹುಡುಗ ತನ್ನ ಯಾವುದೋ ಇಮೇಲ್ ಹಾಕಿ ಸೆಟಪ್ ಮಾಡಿಕೊಟ್ಟರೆ ಆ ಕೀ ಅವನ ಹತ್ತಿರ! ಮುಂದೆ ನಿಂತು ನಿಮ್ಮ ಅಕೌಂಟಿನಲ್ಲೇ ಮಾಡಿಸಿ, ಕೀಯನ್ನು ಕಾಗದದಲ್ಲಿ ಬರೆದು ಗ್ಯಾಸ್ ಬುಕ್ಕು, ರೇಷನ್ ಕಾರ್ಡಿನ ಜೊತೆ ಇಟ್ಟುಬಿಡಿ.

ಸುಮ್ನೆಓದುಗ:

ನಮ್ಮ ಆಫೀಸಿನಲ್ಲಿ ಇನ್ನೊಂದು ಸುದ್ದಿ ಹಬ್ಬಿದೆ. 26ಎಚ್1 ಅಂತ ಬರುತ್ತಂತೆ, ಅದೇ ನಿಜವಾದ 12 ಅಂತೆ. ಹಳೆ ಪ್ರಿಂಟರ್ ಎಲ್ಲಾ ಬಂದ್ ಅಂತೆ.

ಕಿಟಕಿಬದಿ:

26ಎಚ್1 ಇದೆ, 2025ರ ನವೆಂಬರ್‌ನಲ್ಲಿ ಪರೀಕ್ಷೆಗೆ ಬಿಟ್ಟರು. ಆದರೆ ಅದು 25ಎಚ್2 ಇದ್ದವರಿಗೆ ಕೊಡುವ ಅಪ್‌ಡೇಟ್ ಅಲ್ಲ, ಕೆಲವು ಹೊಸ ಚಿಪ್‌ಗಳಿಗೆ ಬೇಕಾದ ಒಳಗಿನ ಬದಲಾವಣೆ ಮಾತ್ರ ಅಂತ ಘೋಷಣೆಯಲ್ಲೇ ಬರೆದಿದ್ದಾರೆ. 12 ಅಲ್ಲ. ಅದೇ ತಿಂಗಳು ವಿಂಡೋಸ್ ಮುಖ್ಯಸ್ಥ ಪವನ್ ದಾವುಲೂರಿ ಎಕ್ಸ್‌ನಲ್ಲಿ, ವಿಂಡೋಸ್ ಏಜೆಂಟಿಕ್ ಒಎಸ್ (ಎಐ ತಾನೇ ಕೆಲಸ ಮಾಡಿಕೊಡುವಂಥದ್ದು) ಆಗುತ್ತಿದೆ ಅಂತ ಬರೆದು ಜನರ ಹತ್ತಿರ ಚೆನ್ನಾಗಿ ಬೈಸಿಕೊಂಡರು. ಈಗಿನ 12ರ ಗುಲ್ಲಿಗೆ ಅದೂ ಒಂದು ಕಾರಣ.

ಪ್ರಿಂಟರ್ ಸುದ್ದಿಯ ಬೇರು 2023ರ ಸೆಪ್ಟೆಂಬರ್‌ನದ್ದು. ಕಂಪನಿಗಳ ಪ್ರಿಂಟರ್ ಡ್ರೈವರ್‌ಗಳನ್ನು ವಿಂಡೋಸ್ ಅಪ್‌ಡೇಟ್ ಮೂಲಕ ಹಂಚುವುದನ್ನು ಹಂತ ಹಂತವಾಗಿ ನಿಲ್ಲಿಸುತ್ತೇವೆ ಅಂದರು. ಪ್ರಿಂಟರ್ ಬಂದ್ ಅಂತ ಎಲ್ಲೂ ಹೇಳಿಲ್ಲ. ಕಂಪನಿಯ ಪುಟದಿಂದ ಡ್ರೈವರ್ ಇಳಿಸಿ ಹಾಕಿಕೊಳ್ಳಬಹುದು.

ಬೆಣ್ಣೆದೋಸೆ:

ಅಬ್ಬಾ, ಪ್ರಿಂಟರ್ ಅಂದ ಕೂಡಲೇ ಎದೆ ಧಸಕ್ ಅಂತು. ನಮ್ಮದು ಕ್ಯಾನನ್ ಎಲ್‌ಬಿಪಿ 2900, ಹದಿನೈದು ವರ್ಷದ್ದು ಇರಬೇಕು. ಹೊಸ ಪಿಸಿಗೂ ನಡೆಯುತ್ತಾ?

ಹಳೇಮದರ್‌ಬೋರ್ಡ್:

ನಡೆಯುತ್ತೆ ಮೇಡಂ. 64 ಬಿಟ್ ಡ್ರೈವರ್ ಇಳಿಸಿ ಈಗಲೇ ಪೆನ್‌ಡ್ರೈವ್‌ನಲ್ಲಿ ಇಟ್ಟುಕೊಳ್ಳಿ. ಇನ್‌ಸ್ಟಾಲ್ ಮಾಡುವಾಗ ಯುಎಸ್‌ಬಿ ಕೇಬಲ್ ಮೊದಲೇ ಚುಚ್ಚಬೇಡಿ, ಅದು ಕೇಳಿದಾಗ ಚುಚ್ಚಿ. ಒಂದೇ ಗಮನಿಸಿ, ಸ್ನಾಪ್‌ಡ್ರ್ಯಾಗನ್ ಚಿಪ್ ಇರುವ ಲ್ಯಾಪ್‌ಟಾಪ್ ಆಫರ್‌ನಲ್ಲಿ ಸಿಕ್ಕಿತು ಅಂತ ತಗೊಂಡುಬಿಡಬೇಡಿ. ಅದು ಆರ್ಮ್ ಅನ್ನುವ ಬೇರೆ ಜಾತಿಯ ಚಿಪ್, ಇಂಟೆಲ್‌ಗೆ ಬರೆದ ಹಳೆ ಪ್ರಿಂಟರ್ ಡ್ರೈವರ್ ಅದರಲ್ಲಿ ಕೂರಲ್ಲ. ಇಂಟೆಲ್ ಅಥವಾ ಎಎಂಡಿ ಇರುವುದೇ ನೋಡಿ, ಮಾಡೆಲ್ ಅಂತಿಮ ಆದ ಮೇಲೆ ಹೆಸರು ಇಲ್ಲಿ ಹಾಕಿ, ರ್‍ಯಾಮ್ ಸ್ಲಾಟ್ ಇದೆಯಾ ಇಲ್ವಾ ನೋಡಿ ಹೇಳುತ್ತೇನೆ.